ಬೆಂಡಿನ ಹಲಗೆ

ಇಸಾಕ ಗೋವಾದಿಂದ ತಂದ ವಸ್ತು ಏನಿರಬಹುದು ಎಂಬುದರ ಮೇಲೆ ಗೊಳಸಂಗಿಯಲ್ಲಿ ಮೊದಲ ದಿನವೇ ಪಕ್ಷಗಳಾದವು. ಕೆಲವರು ಬಾಗಿಲು ಎಂದರು. ಬಾಗಿಲಿಗೆ ಯಾಕೆ ಚೂಪು ಮೂತಿ ಎಂದು ಕೇಳಿದವರು ಅದನ್ನು ಇಸ್ತ್ರಿ ಮಾಡುವ ಮೇಜು ಎಂದರು. ಅಡಿಯಲ್ಲಿದ್ದ ರೆಕ್ಕೆಯನ್ನು ಕಂಡ ಮತ್ತೆ ಕೆಲವರು, ಇದು ವಿಮಾನದ ತುಂಡು, ಎಲ್ಲೋ ಬಿದ್ದದ್ದನ್ನು ಆರಿಸಿ ತಂದಿದ್ದಾನೆ, ಪೊಲೀಸರು ಬರುವುದರೊಳಗೆ ವಾಪಸು ಕಳಿಸುವುದು ಒಳ್ಳೆಯದು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಬಸ್ಸಿನ ಕಂಡಕ್ಟರನಿಗೆ ಇಷ್ಟೆಲ್ಲ ವಿಚಾರ ಮಾಡುವ ಪುರುಸೊತ್ತು ಇರಲಿಲ್ಲ. ಆಳಿಗಿಂತ ಉದ್ದವಿದೆ, ಆಳಿನ ಟಿಕೇಟೇ ಆಗುತ್ತದೆ ಎಂದು ಹರಿದು ಕೊಟ್ಟಿದ್ದನಂತೆ.

"ಇದರ ಮ್ಯಾಲ ನಿಂತು ಸಮುದ್ರದ ತೆರಿ ಇಳಿತಾರ್ರಿ," ಎಂದ ಇಸಾಕ, ಕಟ್ಟೆಯ ಮೇಲೆ ಕೂತಿದ್ದ ನಮಗೆ.

"ಇಳದು ಎಲ್ಲಿಗೆ ಹೋಗ್ತಾರೋ?" ಕೇಳಿದವನು ಮೋನಪ್ಪ ಬಡಿಗೇರ. ಊರಿನ ಕೂರಿಗೆ, ಕುಂಟೆ, ಬಂಡಿಯ ಗಾಲಿ ಎಲ್ಲ ಅವನ ಕೈಯವು. ಯಾವ ವಸ್ತುವನ್ನೇ ಆಗಲಿ, ಅದು ಏನು ಕೆಲಸ ಮಾಡುತ್ತದೆ ಎಂದು ತಿಳಿಯದೆ ಅವನು ಮುಟ್ಟುವವನಲ್ಲ.

"ಎಲ್ಲಿಗೂ ಇಲ್ಲ ಕಾಕಾ. ದಂಡಿಗೆ ಬರ್ತಾರ. ಮತ್ತ ಒಳಗ ಹೋಗ್ತಾರ."

"ದಿನಾ?"

"ದಿನಾ."

"ಹೋಗೂದು, ತಿರಗಿ ಬರೂದು. ನಮ್ಮ ಕಡೆ ಇಂಥಾ ಕೆಲಸ ಎತ್ತು ಮಾಡ್ತಾವ," ಎಂದ ಮೋನಪ್ಪ. "ಅವಕ್ಕೂ ನಾವು ಕಣಿಕಿ ಹಾಕ್ತೀವಿ."

ಎಲ್ಲರೂ ನಕ್ಕೆವು. ಇಸಾಕ ನಗಲಿಲ್ಲ. ಅವನು ನಗದೇ ಇದ್ದುದಕ್ಕೆ ಕಾರಣವಿತ್ತು.

ಗೋವಾದ ಸಮುದ್ರದಂಡೆಯ ಒಂದು ಹೋಟೆಲಿನಲ್ಲಿ ವರ್ಷಗಟ್ಟಲೆ ಪ್ಲೇಟು ತೊಳೆದು ಅವನ ಅಂಗೈ ನೆನೆಸಿಟ್ಟ ಕಡಲೆಯ ಹಾಗೆ ಆಗಿತ್ತು. ಹೋಟೆಲಿನ ಮಗ್ಗುಲಲ್ಲಿ ನೀಲ್ ಎಂಬ ಮುದುಕ ಆಸ್ಟ್ರೇಲಿಯಾದವನೊಬ್ಬ ಈ ತೆರೆ ಹಲಗೆಗಳನ್ನು ಮಾಡುವ ವರ್ಕ್‌ಶಾಪು ಇಟ್ಟಿದ್ದ. ಗೊಳಸಂಗಿಯ ಬಾಯಲ್ಲಿ ಅವನು ಒಂದೇ ದಿನಕ್ಕೆ ನೀಲಪ್ಪನಾದ. ಬೇರೆಯವರು ಮಾಡದಂಥ ಹಲಗೆ ಮಾಡುವುದೇ ಈ ನೀಲಪ್ಪನ ಹುಚ್ಚು. ನಡುವೆ ತೂತು ಕೊರೆದದ್ದು ಒಂದು. ಮೀನಿನ ಬಾಲದ ಹಾಗೆ ಹಿಂದೆ ಸೀಳಿದ್ದು ಇನ್ನೊಂದು. ಮೂತಿಯೇ ಇಲ್ಲದೆ ಹಿಟ್ಟು ನಾದುವ ಪರಾತದಂತಿದ್ದದ್ದು ಮತ್ತೊಂದು. ಅದು ನೇರವಾಗಿ ಹೋಗದೆ ಏಡಿಯಂತೆ ಅಡ್ಡಡ್ಡ ಹೋಗುತ್ತಿತ್ತಂತೆ, ಮತ್ತು ಹಾಗೆ ಹೋದದ್ದಕ್ಕೆ ನೀಲಪ್ಪ ಇಡೀ ದಿನ ಖುಷಿಯಾಗಿದ್ದನಂತೆ. ಇಸಾಕ ಬಿಡುವಿದ್ದಾಗಲೆಲ್ಲ ಅಲ್ಲಿ ಹೋಗಿ ನಿಂತು, ಕೊನೆಗೊಂದು ದಿನ ಕೆಲಸ ಕೇಳಿದ.

ನೀಲಪ್ಪ ಇಲ್ಲ ಎನ್ನಲಿಲ್ಲ. ಅದಕ್ಕಿಂತ ಪೇಚಿನ ಮಾತು ಹೇಳಿದ. "ನಿಮ್ಮೂರಿನಲ್ಲಿ ಬೆಳೆಯುವುದರಿಂದ ಒಂದು ಹಲಗೆ ಮಾಡು. ಅದರ ಮೇಲೆ ಮನುಷ್ಯ ನಿಲ್ಲಬೇಕು, ತಿರುಗಬೇಕು. ಮಳೆಗಾಲ ಮುಗಿದ ಮೇಲೆ ನಾನು ಬಿಜಾಪುರ ನೋಡಿಕೊಂಡು ಹಂಪಿಗೆ ಹೋಗುವವನಿದ್ದೇನೆ, ದಾರಿಯಲ್ಲಿ ನಿಮ್ಮೂರಿಗೆ ಬರುತ್ತೇನೆ. ಹಲಗೆ ಇದ್ದರೆ ನೀನು ವರ್ಕ್‌ಶಾಪಿಗೆ ಬಾ. ಇಲ್ಲದಿದ್ದರೆ ಪ್ಲೇಟು ಎಲ್ಲಿಗೂ ಹೋಗುವುದಿಲ್ಲ." ಹೀಗೆಂದು ನೋಡಿ ಕಲಿಯಲು ಒಂದು ಮುರುಕು ಹಲಗೆ ಕೊಟ್ಟು ಕಳಿಸಿದ್ದ. ಬಸ್ಸಿನಲ್ಲಿ ಟಿಕೇಟು ತೆಗೆಸಿಕೊಂಡು ಬಂದದ್ದು ಅದೇ.

"ಇಲ್ಲಿ ಸಮುದ್ರ ಎಲ್ಲೈತಿ ಬೇಟಾ?" ಎಂದಳು ಅವನ ತಾಯಿ ಶಮಶಾದಬಿ. ಪ್ರಶ್ನೆ ಸರಿಯಾಗಿತ್ತು.

ಸಮುದ್ರ ಇರಲಿಲ್ಲ, ಕಾಲುವೆ ಇತ್ತು. ಆಲಮಟ್ಟಿಯ ನೀರು ಮುದ್ದೇಬಿಹಾಳದ ಕಡೆ ಹೊರಟಾಗ ಒಂದು ಕಡೆ ನೆಲ ಇಳಿಯುತ್ತದೆ, ಅದರ ಸಂಗಡ ಕಾಲುವೆಯೂ ಇಳಿಯುತ್ತದೆ. ಇಳಿದ ನೀರು ಕೆಳಗೆ ಮುಗ್ಗರಿಸಿ, ಎದ್ದು, ಒಂದು ದಿಬ್ಬವಾಗಿ ನಿಲ್ಲುತ್ತದೆ. ಹಗಲೂ ರಾತ್ರಿ ಅದೇ ಜಾಗದಲ್ಲಿ ಅದೇ ದಿಬ್ಬ. ಇಸಾಕ ಒಂದು ದಿನವಿಡೀ ಅದರ ಎದುರು ಕೂತು ನೋಡಿ ಬಂದ.

"ಸಮುದ್ರದಾಗ ತೆರಿ ಓಡತೈತಿ ಕಾಕಾ. ಇಲ್ಲಿ ತೆರಿ ನಿಂತೈತಿ, ನೀರ ಓಡತೈತಿ. ಅಷ್ಟ ಫರಕು."

"ನಮ್ಮ ಕಡೀದು ತೆರಿನೂ ಸಮಾಧಾನದ್ದು," ಎಂದು ಮೋನಪ್ಪ ಬಾಚಿ ಕೈಗೆತ್ತಿಕೊಂಡ.

ಮೊದಲನೆಯ ಹಲಗೆ ಬೇವಿನದು. ನೋಡಲು ಚೆಂದವಿತ್ತು. ಹೊತ್ತು ತರಲು ನಾವು ಒಂದಷ್ಟು ಮಂದಿ ಬೇಕಾಯಿತು. ಇಸಾಕನ ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿ ದಂಡೆಯ ಮೇಲೆ ನಾವು ಹಿಡಿದುಕೊಂಡು, ಹಲಗೆಯನ್ನು ನೀರಿಗೆ ಇಳಿಸಿದೆವು. ಅದು ಕೆರೆಯಲ್ಲಿ ಎಮ್ಮೆ ಮಲಗುವ ಹಾಗೆ ನಿಧಾನವಾಗಿ ತೃಪ್ತಿಯಿಂದ ಮಲಗಿತು, ಮೇಲೇಳಲಿಲ್ಲ.

ಎರಡನೆಯದು ಟೊಳ್ಳು. ತೆಳು ಸಾಗವಾನಿ ಪಟ್ಟಿ ಜೋಡಿಸಿ ಮೋನಪ್ಪ ಒಳಗೆ ಗಾಳಿ ಬಿಟ್ಟು ಮುಚ್ಚಿದ. ಹಗುರವಾಗಿ ತೇಲಿತು. ಆದರೆ ರೆಕ್ಕೆ ಹಿಂದೆ ಇರಬೇಕು ಎಂದು ಇಸಾಕ ಎಷ್ಟು ಹೇಳಿದರೂ ಮೋನಪ್ಪ ಕೇಳಲಿಲ್ಲ. "ನೇಗಿಲದ ಕುಡ ಮುಂದ ಇರತೈತೋ ಹಿಂದ ಇರತೈತೋ? ಸೀಳೂದು ಮುಂದ ಸೀಳಬೇಕು. ಹಿಂದ ಇಟ್ಟು ಏನ ಸೀಳ್ತಿ, ಹೋದ ನೀರ?" ಎಂದು ಮೂತಿಯ ಕೆಳಗೇ ಕೂಡಿಸಿದ. ಅದೂ ಅಲ್ಲದೆ, ಗೋವಾದಲ್ಲಿ ನೀರಿಗಿಳಿಯುವ ಮೊದಲು ಹಲಗೆಗೆ ಏನನ್ನೋ ತಿಕ್ಕುವುದನ್ನು ಇಸಾಕ ದೂರದಿಂದ ನೋಡಿದ್ದ. ಗಾಲಿಯ ಅಚ್ಚಿರಲಿ, ರೊಟ್ಟಿಯ ಹಂಚಿರಲಿ, ನಮ್ಮಲ್ಲಿ ತಿಕ್ಕುವುದು ನುಣುಪಾಗಲೆಂದೇ. ಆದ್ದರಿಂದ ಮೇಲೆ ಕೆಳಗೆ ಎರಡೂ ಕಡೆ ಕುಸುಬಿ ಎಣ್ಣೆ ಧಾರಾಳವಾಗಿ ತಿಕ್ಕಿದರು. ಇಸಾಕ ಹಲಗೆಯ ಮೇಲೆ ಕಾಲಿಟ್ಟದ್ದನ್ನು ನಾವು ಕಂಡೆವು. ಆಮೇಲೆ ಅವನನ್ನು ಕಂಡದ್ದು ನೀರಿನಲ್ಲಿಯೇ. ಹಲಗೆಯಾದರೋ ಗಿರಕ್ಕನೆ ತಿರುಗಿ, ಸ್ವಾಮಿಗಳಿಗೆ ಬೆನ್ನು ತೋರಿಸಬಾರದೆಂದು ಮಠದಿಂದ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬರುವ ಭಕ್ತನ ಹಾಗೆ, ಬಾಲ ಮುಂದೆ ಮಾಡಿಕೊಂಡು ಮುದ್ದೇಬಿಹಾಳದ ದಾರಿ ಹಿಡಿಯಿತು. ಅದನ್ನು ಹಿಡಿದು ತರಲು ಸೈಕಲ್ಲಿನ ಮೇಲೆ ಹೋಗಬೇಕಾಯಿತು.

"ಎಣ್ಣಿ ಯಾಕ ತಿಕ್ಕಿದ್ರಿ ಮೋನಪ್ಪ ಭಾಯಿ?" ಎಂದಳು ಶಮಶಾದಬಿ. "ನಿಂದರಬೇಕಂದ್ರ ತಟ್ಟ ಹಾಸಬೇಕು. ಬಚ್ಚಲದಾಗ ನಾ ಹಾಸಿಲ್ಲೇನು?"

ತಟ್ಟು ಎಂದರೆ ಗೋಣಿಯ ತುಂಡು. ಗೋವಾದಲ್ಲಿ ತಿಕ್ಕುತ್ತಿದ್ದದ್ದೂ ಕಾಲು ಜಾರದಿರಲೆಂಬ ಮೇಣವಂತೆ. ಆ ಮಾತನ್ನು ಇಬ್ಬರೂ ಒಪ್ಪಿದರು. ರೆಕ್ಕೆಯ ಮಾತಿನಲ್ಲಿ ಮೋನಪ್ಪ ಒಂದು ವಾರ ಯಾರ ಜೊತೆಗೂ ಮಾತಾಡದೆ ಇದ್ದು, ಆಮೇಲೆ, "ನೀರು ಮಣ್ಣಲ್ಲ ಬಿಡು," ಎಂದಷ್ಟೇ ಹೇಳಿದ.

ಮಳೆಗಾಲ ಅರ್ಧ ಮುಗಿದಿತ್ತು. ಬೇರೆ ದೇಶದಲ್ಲಿ ಕತ್ತಾಳೆಯ ದಿಂಡಿನಿಂದ ಹಲಗೆ ಮಾಡುವವರಿದ್ದಾರೆ, ಅದರಷ್ಟು ಹಗುರ ಯಾವ ಮರವೂ ಇಲ್ಲ ಎಂದು ನೀಲಪ್ಪ ಒಮ್ಮೆ ಹೇಳಿದ್ದು ಇಸಾಕನಿಗೆ ನೆನಪಾಯಿತು. ಕತ್ತಾಳೆಗೇನು, ನಮ್ಮ ಹೊಲದ ಬದುಗಳೆಲ್ಲ ಅದೇ. ಮಸೂತಿಯ ಬದುಗಳಿಂದ ದಿಂಡು ಕಡಿದು ತಂದರು. ಇಂಡಿ ಕಡೆ ಇನ್ನೂ ದಪ್ಪ ಸಿಗುತ್ತವೆಂದು ಹಲಸಂಗಿಯ ಬೀಗರಿಂದಲೂ ತರಿಸಿದರು. ಎಲ್ಲವೂ ಹಸಿ. ಇಟ್ಟಿಗೆ ಭಟ್ಟಿಯ ಮೇಲಿಟ್ಟು ಅವಸರದಿಂದ ಒಣಗಿಸಿದರೆ ಸೀಳಿದವು. ಸೀಳಿದ್ದನ್ನು ಅಂಟಿಸಿ ನೀರಿಗೆ ಬಿಟ್ಟರೆ ನೀರು ಕುಡಿದವು. ದಿಂಡು ಒಣಗಲು ವರ್ಷ ಬೇಕು. ಇಸಾಕನ ಬಳಿ ವರ್ಷ ಇರಲಿಲ್ಲ.

ಆ ದಿನ ಶಮಶಾದಬಿಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ಮೋನಪ್ಪ ತಲೆಯೆತ್ತಿ ನೋಡಿದ. ಜಂತೆಗೆ ಕಟ್ಟಿದ ಬೆಂಡು ಒಲೆಯ ಹೊಗೆಗೆ ಕರ್ರಗಾಗಿ ತೂಗುತ್ತಿತ್ತು. ಎದ್ದು ನಿಂತು ಬೆರಳ ಗೆಣ್ಣಿನಿಂದ ಬಡಿದ. ತಂಬೂರಿಯ ಬುರುಡೆಯಂಥ ದನಿ.

ಬೆಂಡು ಎಂದರೇನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಒಣಗಿದ ಕತ್ತಾಳೆಯ ದಿಂಡೇ ಬೆಂಡು. ನಮ್ಮಲ್ಲಿ ಎಲ್ಲರೂ ಅದನ್ನು ಸೊಂಟಕ್ಕೆ ಕಟ್ಟಿಸಿಕೊಂಡೇ ಬಾವಿಯಲ್ಲಿ ಈಜು ಕಲಿತವರು. ಒಮ್ಮೆ ಒಣಗಿಸಿದ ಬೆಂಡನ್ನು ಮಾರುವುದಿಲ್ಲ, ಸುಡುವುದಿಲ್ಲ, ಅದಕ್ಕೆ ಕತ್ತಿ ತಾಗಿಸುವುದಿಲ್ಲ. ಕಲಿತವನು ಎಲ್ಲರೆದುರು ಒಮ್ಮೆ ಬೆಂಡಿಲ್ಲದೆ ಬಾವಿಗೆ ಹಾರಿ ತೋರಿಸುತ್ತಾನೆ. ಕೊಟ್ಟವರಿಗೆ ಅವನು ಸಲ್ಲಿಸುವುದು ಅಷ್ಟೇ. ಮಾರನೆಯ ದಿನ ಬೆಂಡು ಕಲಿಯುವ ಇನ್ನೊಬ್ಬರಿಗೆ ಹೋಗುತ್ತದೆ; ಜಾತಿ, ಓಣಿ ಯಾವುದನ್ನೂ ಕೇಳುವುದಿಲ್ಲ. ಈಚೆಗೆ ಹೊಳೆಯ ಕಡೆಯ ಬಾವಿಗಳು ಹಿನ್ನೀರಿನಲ್ಲಿ ಮುಳುಗಿದ್ದವು, ಊರೊಳಗಿನವು ಬೋರ್‌ವೆಲ್ ಬಂದ ಮೇಲೆ ಹೂಳು ತುಂಬಿದ್ದವು. ಹೀಗಾಗಿ ಕೊನೆಗೆ ಎಲ್ಲಿ ಬಂದಿದ್ದವೋ ಅಲ್ಲಿಯೇ, ಮನೆ ಮನೆಯ ಜಂತೆಯಲ್ಲಿ, ಬೆಂಡುಗಳು ಹೊಗೆ ಕುಡಿಯುತ್ತ ಸುಮ್ಮನೆ ತೂಗುತ್ತಿದ್ದವು.

ಇಸಾಕ ಮನೆ ಮನೆಗೆ ಹೋಗಿ ಕೇಳಿದ. ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಕೊಡಲೂ ಇಲ್ಲ. ಜಿಪುಣತನ ಅಂತಲ್ಲ. ಬೆಂಡು ಕೊಡುವುದು ಈಜು ಬಾರದವರಿಗೆ. ಇಸಾಕನಾದರೋ ಮೀನು. ಈಜು ಬರುವವನಿಗೆ ಹೇಗೆ ಕೊಡುವುದು? ಪಂಚಾಯಿತಿ ಕಟ್ಟೆಯಲ್ಲಿ ಇದು ದೊಡ್ಡ ಜಿಜ್ಞಾಸೆಯಾಗಿ, ಕೊನೆಗೆ ಎಲ್ಲರೂ ಸಿದ್ದವ್ವನ ಮನೆಗೆ ಹೋದೆವು. ಸಿದ್ದವ್ವ ಊರಿನ ಹಿರಿಯಳು. ಅವಳ ಜಂತೆಯಲ್ಲಿದ್ದದ್ದು ಊರಿಗೇ ಹಳೆಯ ಬೆಂಡು. ನಮ್ಮಲ್ಲಿ ಅರ್ಧ ಮಂದಿ ಅದರಲ್ಲೇ ಕಲಿತವರು.

ಸಿದ್ದವ್ವ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳಿದಳು. ಮೊರ ಕೆಳಗಿಡಲಿಲ್ಲ.

"ಈಜಾಕ ಬರತೈತಿ ಅವಗ. ಗೊತ್ತೈತಿ. ನೀರ ಮ್ಯಾಲ ನಿಂದರಾಕ ಬರತೈತೇನು?"

"ಅದೆಂಗ ಬರತೈತಿ ಆಯಿ, ಅದನ್ನ ಕಲಿಯಾಕ..." ಎಂದ ನಮ್ಮಲ್ಲೊಬ್ಬ.

"ಬರೂದಿಲ್ಲ ಹೌದಲ್ಲ? ಹಂಗಾರ ಕಲಿಯಾವನ. ಕೊಡ್ರಿ." ಆಮೇಲೆ ಮೋನಪ್ಪನ ಕಡೆ ಮೊರ ತೋರಿಸಿದಳು. "ಖರೆ, ಕತ್ತಿ ಹಚ್ಚಬ್ಯಾಡ. ಹೆರೀಬ್ಯಾಡ. ಹೆಂಗ ಅದಾವ ಹಂಗ ಕೂಡಸು."

ಸಂಜೆಯೊಳಗೆ ಮೋನಪ್ಪನ ಅಂಗಳದಲ್ಲಿ ಬೆಂಡುಗಳ ರಾಶಿ. ನಮ್ಮ ಮನೆಯದೂ ಇತ್ತು. ಕೊಟ್ಟು ಬರುವಾಗ ಏನೋ ಹಗುರಾದ ಹಾಗೆ ಅನಿಸಿತು. ಬೆಂಡಿನ ಭಾರ ನೋಡಿದರೆ ಹಾಗೆ ಅನಿಸಲು ಕಾರಣವಿರಲಿಲ್ಲ.

ಹೆರೆಯದೆ ಹಲಗೆ ಮಾಡು ಎಂದರೆ ಬಡಿಗನಿಗೆ ಉಪ್ಪಿಲ್ಲದೆ ಉಣ್ಣು ಎಂದ ಹಾಗೆ. ಮೋನಪ್ಪ ಗೊಣಗುತ್ತಲೇ ದಿಂಡುಗಳನ್ನು ಒತ್ತೊತ್ತಾಗಿ ಮಲಗಿಸಿ, ಬಿದಿರಿನ ಪಟ್ಟಿ ಅಡ್ಡ ಕಟ್ಟಿ, ಬಿಜಾಪುರದಿಂದ ತರಿಸಿದ ನೀರಿಗೆ ಬಗ್ಗದ ಅಂಟು ಸಂದುಗಳಿಗೆ ತುಂಬಿದ. ಮೂತಿಯ ಕಡೆ ಸಣ್ಣ ದಿಂಡು, ನಡುವೆ ದಪ್ಪ. ಮೇಲೆ ಶಮಶಾದಬಿಯ ಗೋಣಿತಟ್ಟು. ಅಡಿಯನ್ನು ಸಪಾಟು ಮಾಡುವಂತಿರಲಿಲ್ಲವಾಗಿ ಅದು ತಗಡಿನ ಮಾಡಿನಂತೆ ಉಬ್ಬು ತಗ್ಗು ಉಬ್ಬು ತಗ್ಗಾಗಿ ಉಳಿಯಿತು. ರೆಕ್ಕೆ ಕೂಡಿಸಲು ತೂತು ಕೊರೆಯಬೇಕು. ತೂತೂ ಕತ್ತಿಯ ಲೆಕ್ಕವೇ ಎಂದು ರೆಕ್ಕೆಯನ್ನೂ ಬಿಟ್ಟರು. ನೀಲಪ್ಪನ ಮುರುಕು ಹಲಗೆಯ ಪಕ್ಕದಲ್ಲಿ ಇಟ್ಟಾಗ ಎರಡಕ್ಕೂ ಯಾವ ಸಂಬಂಧವೂ ಕಾಣಲಿಲ್ಲ.

"ಇದು ಹೊಕ್ಕೈತೇನೋ?" ಎಂದ ಮೋನಪ್ಪ. ಮೊದಲ ಸಲ ಅವನ ದನಿಯಲ್ಲಿ ಅಂಜಿಕೆ ಇತ್ತು.

ಹೋಯಿತು. ಮೊದಲ ದಿನವಲ್ಲ. ಇಸಾಕ ಬಿದ್ದ, ಎದ್ದ, ಮತ್ತೆ ಬಿದ್ದ. ಆದರೆ ಹಲಗೆ ಅವನನ್ನು ಬಿಟ್ಟು ಓಡಲಿಲ್ಲ. ದಿಂಡುಗಳ ನಡುವಿನ ಸಂದಿನಲ್ಲಿ ನೀರು ಸಾಲು ಹಿಡಿದು ಹರಿದು, ರೆಕ್ಕೆಯಿಲ್ಲದೆಯೂ ಅದನ್ನು ನೆಟ್ಟಗೆ ಇಡುತ್ತಿತ್ತು. ಒಂದು ಮುಂಜಾನೆ ಅವನು ನಿಂತ, ಬೀಳಲಿಲ್ಲ. ಎಡಗಾಲು ಒತ್ತಿದರೆ ತೆರೆಯ ಮೇಲೆ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ, ಮಗ್ಗದ ಲಾಳಿ ಓಡಾಡಿದ ಹಾಗೆ. ಅಡಿಯಿಂದ ಒಂದು ದನಿ ಹೊರಡುತ್ತಿತ್ತು, ಗುಂಯ್ ಎಂದು, ದೂರದಲ್ಲಿ ಗಿರಣಿ ನಡೆದಂತೆ. ಸೊಂಟದ ಹಗ್ಗ ಹಿಡಿದ ನಮ್ಮ ಕೈಗೆ ಆ ನಡುಕ ಬರುತ್ತಿತ್ತು.

ಎಲ್ಲರೆದುರು ತೋರಿಸುವುದನ್ನು ಇಸಾಕ ನೀಲಪ್ಪ ಬರುವ ದಿನಕ್ಕೆ ಇಟ್ಟುಕೊಂಡ.

ನೀಲಪ್ಪ ಮೋಟಾರ್‌ಸೈಕಲ್ಲಿನ ಮೇಲೆ ಬಂದ. ಬಿಳಿ ಗಡ್ಡ, ಬಿಸಿಲಿಗೆ ಸುಟ್ಟ ಮೂಗು. ಕೊಟ್ಟ ಚಹಾ ಪೂರಾ ಕುಡಿದ, ಅದರಿಂದ ಅರ್ಧ ಊರು ಅವನನ್ನು ಒಪ್ಪಿಕೊಂಡಿತು. ಕಾಲುವೆಯ ಎರಡೂ ದಂಡೆ ತುಂಬಿತ್ತು. ಸಿದ್ದವ್ವನನ್ನು ಬಂಡಿಯಲ್ಲಿ ಕರೆತಂದಿದ್ದರು.

ಇಸಾಕ ನೀರಿಗಿಳಿದ. ನಿಂತ. ಎಡಕ್ಕೆ ಹೋದ, ಬಲಕ್ಕೆ ಬಂದ. ಪ್ರತಿ ತಿರುವಿಗೂ ದಂಡೆಯ ಮೇಲಿದ್ದ ಒಬ್ಬೊಬ್ಬರ ಮುಖ ನೋಡುತ್ತಿದ್ದ: ಬೆಂಡು ಕೊಟ್ಟವರ ಮುಖ. ನನ್ನನ್ನೂ ನೋಡಿದ. ಧನ್ಯವಾದ ಎಂಬುದು ನಮ್ಮಲ್ಲಿ ಮೈಕಿನ ಮುಂದೆ ಮಾತ್ರ ಹೇಳುವ ಮಾತು. ಆ ಮಾತು ಇಲ್ಲದೆಯೂ ನಮ್ಮ ಕೆಲಸ ಸಾಗುತ್ತದೆಂದು ಆವತ್ತು ಗೊತ್ತಾಯಿತು. ಮೋನಪ್ಪ ಮುಖ ಒರೆಸಿಕೊಂಡು, ನೀರು ಬಹಳ ಸಿಡಿಯಾಕತ್ತೈತಿ ಎಂದ. ನಾವು ನಿಂತಲ್ಲಿಗೆ ಒಂದು ಹನಿಯೂ ಸಿಡಿಯುತ್ತಿರಲಿಲ್ಲ.

ನೀಲಪ್ಪ ಹಲಗೆಯನ್ನು ಬೋರಲು ಹಾಕಿ, ಅಂಗೈಯನ್ನು ಆ ಉಬ್ಬು ತಗ್ಗುಗಳ ಮೇಲೆ ಎಷ್ಟೋ ಹೊತ್ತು ಎಳೆದ. ಆಮೇಲೆ ಗೋವಾದ ಹಿಂದಿಯಲ್ಲಿ ಹೇಳಿದ್ದನ್ನು ಇಸಾಕ ನಮಗೆ ತಿಳಿಸಿದ: ಇಂಥ ಸಾಲುಗಳನ್ನು ಕೊರೆಯಲು ನಾನು ಬಹಳ ಸಲ ಪ್ರಯತ್ನ ಮಾಡಿದ್ದೇನೆ, ಒಂದೂ ಹೀಗೆ ಹಾಡಲಿಲ್ಲ. ಸೋಮವಾರ ವರ್ಕ್‌ಶಾಪಿಗೆ ಬಾ. ಹಲಗೆ ತಗೊಂಡು ಬಾ. ಇದನ್ನು ಎದುರಿಗಿಟ್ಟುಕೊಂಡೇ ಮುಂದಿನದು ಮಾಡಬೇಕು.

ಶಮಶಾದಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಸಾಕ ಹಲಗೆಯನ್ನು ನೋಡಿದ. ಅವನಿಗೆ ಹೊಳೆದದ್ದು ಆಗ ನಮಗೂ ಹೊಳೆಯಿತು.

"ನಾ ಬರ್ತೇನಿ," ಎಂದ. "ಹಲಿಗಿ ಬರೂದಿಲ್ಲ. ನಾ ಕಲತೆ. ಇನ್ನ ಅದು ನಂದಲ್ಲ. ಕಲಿಯಾವ್ರಿಗೆ ಹೋಗಬೇಕು." ಅದನ್ನೇ ಹಿಂದಿಯಲ್ಲೂ ಹೇಳಿದ.

ನೀಲಪ್ಪ ಮೊದಲು ಚೌಕಾಶಿ ಎಂದುಕೊಂಡ. ಹಾಗಲ್ಲ ಎಂದು ತಿಳಿದ ಮೇಲೆ ಭುಜ ಇಳಿಬಿಟ್ಟ. ಹಲಗೆ ಇಲ್ಲದೆ ಬರೀ ಕಣ್ಣಳತೆಯ ಮೇಲೆ ತನ್ನ ಕೈಲಾಗುವುದಿಲ್ಲ. ಹಾಗಾದರೆ ಮುಂದಿನ ವರ್ಷ ನೋಡೋಣ ಎಂದ. ಮುಂದಿನ ವರ್ಷ ಎಂದರೆ ಅಲ್ಲಿಯ ತನಕ ಮತ್ತೆ ಪ್ಲೇಟು ತೊಳೆಯುವುದು. ಒಯ್ಯಿ ಎನ್ನಲು ನಮ್ಮೆಲ್ಲರ ನಾಲಿಗೆ ತುದಿಯಲ್ಲಿ ಮಾತಿತ್ತು. ಆದರೆ ರಿವಾಜು ಮುರಿದ ಮೊದಲಿಗ ತಾನಾಗಲು ಯಾರೂ ತಯಾರಿರಲಿಲ್ಲ.

"ಬಂದ ಮನಷ್ಯಾ ಒಮ್ಮಿ ಹತ್ತಿ ನೋಡದ ಹೊಕ್ಕಾನೇನು?" ಎಂದಳು ಸಿದ್ದವ್ವ, ಬಂಡಿಯಲ್ಲಿ ಕೂತಲ್ಲಿಂದ. "ಹತ್ತಸ್ರಿ ಅವನ್ನ."

ನೀಲಪ್ಪನಿಗೂ ಅದೇ ಬೇಕಾಗಿತ್ತು. ಅಂಗಿ ಬಿಚ್ಚಿ, ಹಗ್ಗ ಕಟ್ಟಿಸಿಕೊಂಡು, ಆಯುಷ್ಯವಿಡೀ ಸಮುದ್ರದ ಮೇಲೆ ಕಳೆದವನ ಠೀವಿಯಲ್ಲಿ ಇಳಿದ. ನಿಂತ, ಅಭ್ಯಾಸಬಲದಿಂದ ತೆರೆ ಎಲ್ಲಿ ಬಂತು ಎಂದು ಹೆಗಲ ಮೇಲಿಂದ ಹಿಂದಕ್ಕೆ ನೋಡಿದ, ಬಿದ್ದ. ಸಮುದ್ರದಲ್ಲಿ ತೆರೆ ಬೆನ್ನ ಹಿಂದಿನಿಂದ ಬರುತ್ತದೆ; ಇಲ್ಲಿ ನೀರು ಎದುರಿನಿಂದಲೇ ಬರುತ್ತದೆ. ಎದ್ದ, ಹತ್ತಿದ, ಮತ್ತೆ ಹಿಂದೆ ನೋಡಿದ, ಬಿದ್ದ. ದಂಡೆಯ ಮೇಲೆ ಮೊದಲು ನಗೆ, ಆಮೇಲೆ ಉಪದೇಶ, ಆಮೇಲೆ ಮರುಕ. ಅವನಾದರೋ ಪ್ರತಿ ಸಲ ಮೇಲೆ ಬಂದಾಗಲೂ ಇನ್ನಷ್ಟು ಗೆಲುವಾಗಿ ಕಾಣುತ್ತಿದ್ದ.

"ಅವಗ ಬರವಲ್ದು," ಎಂದಳು ಸಿದ್ದವ್ವ.

ಆಮೇಲೆ ಇಸಾಕನ ಕಡೆ ತಿರುಗಿದಳು.

"ಇಸಾಕ, ಕೇಳವನ್ನ. ಕಲಿಯಾಕ ಮನಸೈತೇನು ಅಂತ ಕೇಳು."

ಇಸಾಕ ಕೇಳಿದ. ಆ ಮುದುಕ ಗಡ್ಡದಿಂದ ನೀರು ಸುರಿಯುತ್ತ ಬಂಡಿಯಲ್ಲಿದ್ದ ಮುದುಕಿಯನ್ನು ನೋಡಿದ. ಅವನು ಹೇಳಿದ್ದನ್ನು ಇಸಾಕ ನಮ್ಮ ಮಾತಿಗೆ ತಿರುಗಿಸಿದ.

"ಐತಿ ಅಂತಾನ ಆಯಿ. ಇಷ್ಟ ವರ್ಷ ಆತು, ಇನ್ನೂ ಕಲಿಯೂದು ಉಳದೈತಿ ಅಂತ ಯಾರೂ ಹೇಳಿದ್ದಿಲ್ಲಂತ. ಭಾಳ ಉಪಕಾರ ಆತು ಅಂತಾನ. ಆದ್ರ ಕಲಸಾವ್ರು ಯಾರು ಅಂತ ಕೇಳ್ತಾನ."

"ನೀ ಯಾಕ ಇದ್ದಿ? ಕೊಡ್ರಿ ಅವಗ. ಇಬ್ರೂ ಕೂಡಿ ಒಯ್ರಿ. ಅವ ಕಲತ ಮ್ಯಾಲ ಮುಂದಿನಾವ್ರಿಗೆ ಕೊಡ್ಲಿ, ಸಮುದ್ರದಂಡಿಯಾಗ ಕಲಿಯಾವ್ರಿಗೇನು ಬರ ಐತೇನು?"

ಮೋನಪ್ಪನೇ ಹಲಗೆ ಎತ್ತಿ ಕೊಟ್ಟ. ನೀಲಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ಸಿದ್ದವ್ವ ಇದನ್ನು ಮೊದಲೇ ಯೋಚಿಸಿದ್ದಳೇ ಎಂದು ಆಮೇಲೆ ನಾನು ಕೇಳಿದ್ದುಂಟು. ಬಂದವರನ್ನು ಬರೀ ಚಹಾ ಕುಡಿಸಿ ಕಳಿಸಬಾರದು ಎಂದಳು, ಅಷ್ಟೇ.

ಹಂಪಿ ಅಲ್ಲೇ ಇರುತ್ತದೆ ಎಂದು ನೀಲಪ್ಪ ರವಿವಾರದ ತನಕ ಗೊಳಸಂಗಿಯಲ್ಲೇ ಉಳಿದ. ಶಮಶಾದಬಿ ಅಷ್ಟರಲ್ಲಿ ಬೆಂಡು ಕೊಟ್ಟ ಮನೆಗಳಿಗೆಲ್ಲ ಹೋಗಿ ಕೂತು, ಅದೂ ಇದೂ ಮಾತಾಡಿ, ಬಂದ ವಿಷಯವನ್ನು ಎಲ್ಲಿಯೂ ಎತ್ತದೆ ಎದ್ದು ಬಂದಳು, ಎಲ್ಲರಿಗೂ ಅರ್ಥವಾಯಿತು. ಕಾಲುವೆಯ ಕಡೆಯಿಂದ ದಿನವಿಡೀ ಇಸಾಕನ ದನಿ ಕೇಳುತ್ತಿತ್ತು. ನಾಳೆಯಿಂದ ಧಣಿಯಾಗುವವನನ್ನು ಇವತ್ತೇ ಎಷ್ಟು ಬೈಯಬಹುದೋ ಅಷ್ಟೂ, ಹಿಂದಿ ಮರೆತು ನಮ್ಮ ಮಾತಿನಲ್ಲೇ, ಬೈಯುತ್ತಿದ್ದ.

"ಮುಂದ ನೋಡ್ರಿ ಮಾರಾಯ್ರ, ಮುಂದ! ಹಿಂದಿಂದ ಏನೂ ಬರಾಂಗಿಲ್ಲ!"